ಮುಂಬಾಗಿಲಿನ ಭಾಷಣ

ಊರಿನಲ್ಲಿ ಪ್ಲಂಬರ್‌ಗಳು ಬೇಕಾದಷ್ಟು ಜನ ಇದ್ದರು. ಭಾಷಣ ಮಾಡುವ ಪ್ಲಂಬರ್ ಮಾತ್ರ ಒಬ್ಬನೇ. ಅದಕ್ಕೇ ಅವನಿಗೆ ಭಾಷಣದ ಪ್ಲಂಬರ್ ಎಂದೇ ಹೆಸರು ಬಿದ್ದಿತ್ತು. ಹಾಗೆ ಕರೆದರೆ ಅವನಿಗೆ ಬೇಜಾರಿರಲಿಲ್ಲ, ನಿಜ ಹೇಳಬೇಕೆಂದರೆ ಒಳಗೊಳಗೇ ಖುಷಿ. ನಲ್ಲಿ ಸೋರುತ್ತಿದೆ ಎಂದು ಫೋನ್ ಬಂದರೆ ನಾಳೆ ನಾಡಿದ್ದು ಎನ್ನುತ್ತಿದ್ದ ಮನುಷ್ಯ, ಶಾಲೆಯಿಂದ ಫೋನ್ ಬಂದರೆ ಆಗಲೇ ಇಸ್ತ್ರಿಪೆಟ್ಟಿಗೆ ಕಾಯಲು ಇಡುತ್ತಿದ್ದ.

ಇದಕ್ಕೆಲ್ಲ ಕಾರಣ ತರಬೇತಿ ಶಾಲೆಯ ಪ್ರಿನ್ಸಿಪಾಲರು. ಮರಗೆಲಸ, ಬೆಸುಗೆ, ವೈರಿಂಗ್, ಪ್ಲಂಬಿಂಗ್ ಎಲ್ಲವನ್ನೂ ಕಲಿಸುವ ಶಾಲೆ ಅದು. ಮೇಷ್ಟ್ರುಗಳಿದ್ದರು, ಯಂತ್ರಗಳಿದ್ದವು, ಬೆಂಚುಗಳಿದ್ದವು. ಬೆಂಚಿನ ಮೇಲೆ ಕೂರುವವರೇ ಇರಲಿಲ್ಲ. ಒಮ್ಮೆ ಪ್ರಿನ್ಸಿಪಾಲರ ಮನೆಯ ಸಿಂಕ್ ಬಿಚ್ಚುತ್ತಾ ಇವನು ಬಾಯಿಗೆ ಬಂದ ಹಾಗೆ ಹರಟುತ್ತಿದ್ದಾಗ ಅವರು, "ಇಷ್ಟು ಚೆನ್ನಾಗಿ ಮಾತಾಡ್ತೀಯಲ್ಲಪ್ಪ, ಮಕ್ಕಳಿಗೂ ನಾಲ್ಕು ಮಾತು ಹೇಳು. ನಾವು ಹೇಳಿದ್ರೆ ಯಾರೂ ಕೇಳಲ್ಲ" ಎಂದರು. ಅಲ್ಲಿಂದ ಹಿಡಿದ ಹುಚ್ಚು ಬಿಡಲಿಲ್ಲ. ಶಾಲೆಯಿಂದ ಶಾಲೆಗೆ ಹೋದ. ಪ್ರತಿ ಶಾಲೆಯವರೂ ಚಪ್ಪಾಳೆ ತಟ್ಟಿ ಒಂದೊಂದು ಗೋಡೆ ಗಡಿಯಾರ ಕೊಟ್ಟು ಕಳಿಸಿದರು. ಅವನ ಮನೆಯ ಗೋಡೆಗಳ ತುಂಬ ಗಡಿಯಾರ. ಒಂದು ತೋರಿಸಿದ ಸಮಯ ಇನ್ನೊಂದು ತೋರಿಸುತ್ತಿರಲಿಲ್ಲ. ಟೈಮ್ ಎಷ್ಟಾಯ್ತು ಎಂದು ಯಾರಾದರೂ ಕೇಳಿದರೆ ಅವನ ಹೆಂಡತಿ ಬೀದಿಗೆ ಹೋಗಿ ಪಕ್ಕದ ಮನೆಯವರನ್ನು ವಿಚಾರಿಸಿಕೊಂಡು ಬರುತ್ತಿದ್ದಳು.

ಭಾಷಣ ಎಲ್ಲ ಕಡೆಯೂ ಒಂದೇ. "ಮಕ್ಕಳೇ, ಕಾಯಿಲೆ ಬಂದ್ರೆ ಡಾಕ್ಟರನ್ನ ಕರೀತಾರೆ, ಜಗಳ ಬಂದ್ರೆ ವಕೀಲನ್ನ ಕರೀತಾರೆ. ನಮ್ಮನ್ನ ಬೆಳಗಾದ್ರೆ ಕರೀತಾರೆ." ಮಕ್ಕಳು ನಗುತ್ತಿದ್ದರು. "ಆ ದೊಡ್ಡ ಮನೆ ನೋಡಿದ್ದೀರಲ್ಲ, ಅದರ ಮಹಡಿ ಬಚ್ಚಲು ನಾನೇ ಮಾಡಿದ್ದು. ಇವತ್ತಿಗೂ ಒಂದು ಹನಿ ಸೋರಿಲ್ಲ." ಆಮೇಲೆ ದನಿ ತಗ್ಗಿಸಿ, ಎದೆಯ ಮೇಲೆ ಕೈಯಿಟ್ಟು, "ನಲ್ಲಿ ಬಿಗಿಯೋ ಈ ಪಾನಾ ಕೈಯಲ್ಲಿದ್ರೆ ಯಾವ ಮನೆಯವರೂ ಮುಂಬಾಗಿಲಿನಿಂದಲೇ ಬನ್ನಿ ಅಂತಾರೆ. ಕುರ್ಚಿ ಹಾಕಿ ಕೂರಿಸ್ತಾರೆ" ಎನ್ನುತ್ತಿದ್ದ. ಈ ಮಾತಿಗೆ ಮೇಷ್ಟ್ರುಗಳ ಕಣ್ಣೂ ಒದ್ದೆಯಾಗುತ್ತಿತ್ತು. ಕೊನೆಗೆ ಚೀಲದಿಂದ ಜಾಯಿಂಟ್ ಮಾಡಿದ ಎರಡು ತುಂಡು ಪೈಪು ತೆಗೆದು, ಒಳಗೆ ನೀರು ಸುರಿದು, ಬಿಳಿ ಕರವಸ್ತ್ರದಿಂದ ಜಾಯಿಂಟ್ ಒರೆಸಿ, ಒಂದಿಷ್ಟೂ ಒದ್ದೆಯಾಗದ ಕರವಸ್ತ್ರವನ್ನು ಎಲ್ಲರಿಗೂ ತೋರಿಸುತ್ತಿದ್ದ.

ಚಪ್ಪಾಳೆಗೇನೂ ಕೊರತೆಯಿರಲಿಲ್ಲ. ಮಾರನೆಯ ದಿನ ಆ ಮಕ್ಕಳೆಲ್ಲ ಕಂಪ್ಯೂಟರ್ ಕ್ಲಾಸಿಗೆ ಹೆಸರು ಬರೆಸುತ್ತಿದ್ದರು. ಇಷ್ಟು ವರ್ಷಗಳಲ್ಲಿ ಅವನ ಭಾಷಣ ಕೇಳಿ ಪಾನಾ ಹಿಡಿದ ಮಗು ಒಂದೂ ಇರಲಿಲ್ಲ. ಅದರ ಬಗ್ಗೆ ಅವನು ತಲೆ ಕೆಡಿಸಿಕೊಂಡವನಲ್ಲ. ತನ್ನ ಕೆಲಸ ಹೇಳುವುದು, ಅಷ್ಟೇ.

ಇನ್ನೊಂದು ವಿಷಯ ಹೇಳಲೇಬೇಕು. ಆ ಜಾಯಿಂಟ್ ಅವನು ಮಾಡಿದ್ದಲ್ಲ. ಇಸ್ತ್ರಿ ಅಂಗಿ ತೊಟ್ಟ ಮೇಲೆ ಎಣ್ಣೆ ಮೆತ್ತಿದ ಪೈಪು ಮುಟ್ಟುವುದು ಹೇಗೆ? ಮೊದಲ ಸಲ ಮಗಳನ್ನು ಕರೆದು, "ಪುಟ್ಟೀ, ಈ ಪೈಪಿನ ತುದಿಯ ತಿರುಪಿಗೆ ಟೇಪು ಸುತ್ತಿ ಬಿಗಿ ಮಾಡಿಡು" ಎಂದಿದ್ದ. ತಿರುಪು ತಿರುಗುವ ಕಡೆಗೇ ಟೇಪು ಸುತ್ತಬೇಕು, ಉಲ್ಟಾ ಸುತ್ತಿದರೆ ಬಿಗಿ ಮಾಡುವಾಗ ಬಿಚ್ಚಿಕೊಂಡು ಮುದ್ದೆಯಾಗುತ್ತದೆ, ನೀರು ಒಸರುತ್ತದೆ ಎಂದು ಅವನೇ ಹೇಳಿಕೊಟ್ಟ. ಅವಳು ಅಡುಗೆಮನೆಯ ನೆಲದ ಮೇಲೆ ಕಾಲು ಚಾಚಿ ಕೂತು, ನಾಲಗೆ ತುದಿ ಹಲ್ಲಿನ ನಡುವೆ ಇಟ್ಟುಕೊಂಡು ಸುತ್ತಿದಳು. ಅಂದಿನಿಂದ ಭಾಷಣ ಅಪ್ಪನದು, ಜಾಯಿಂಟ್ ಮಗಳದು.

ಮಗಳ ವಿಚಾರದಲ್ಲಿ ಅವನ ಲೆಕ್ಕಾಚಾರ ಬೇರೆಯೇ ಇತ್ತು. ಅವಳು ಆಫೀಸಿನಲ್ಲಿ ಕೂರಬೇಕು. ಗಾಜಿನ ಬಾಗಿಲಿರಬೇಕು, ತಿರುಗುವ ಕುರ್ಚಿಯಿರಬೇಕು, ಸಂಜೆ ಮನೆಗೆ ಬಂದಾಗ ಉಗುರು ಬೆಳಿಗ್ಗೆ ಇದ್ದಷ್ಟೇ ಚೊಕ್ಕಟವಾಗಿರಬೇಕು. ಇದನ್ನು ಅವನು ಬೀದಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದ. ಮಗಳ ಶಾಲೆ ಮುಗಿಯಿತು. ಒಂದು ಸಂಜೆ ಅವನು ಊಟಕ್ಕೆ ಕೂತಿದ್ದಾಗ ಅವಳು, "ಅಪ್ಪ, ನಾನು ಪ್ರಿನ್ಸಿಪಾಲರ ಶಾಲೆಗೆ ಸೇರ್ಕೋತೀನಿ. ಪ್ಲಂಬಿಂಗ್" ಎಂದಳು.

ತುತ್ತು ಗಂಟಲಲ್ಲಿ ಸಿಕ್ಕಿಕೊಂಡಿತು. ಹೆಂಡತಿ ನೀರು ಕೊಟ್ಟಳು.

"ತಮಾಷೆ ಮಾಡ್ತಿದ್ದೀಯಾ?"

"ಇಲ್ಲಪ್ಪ."

"ಪ್ಲಂಬಿಂಗ್ ಅಂದ್ರೆ ಏನು ಗೊತ್ತಾ ನಿಂಗೆ? ಮಂಡಿ ಹೋಗುತ್ತೆ. ಸೊಂಟ ಹೋಗುತ್ತೆ. ಕಂಡವರ ಕೊಳಕಲ್ಲಿ ಕೈ ಹಾಕ್ಬೇಕು."

"ಕಾಯಿಲೆ ಬಂದ್ರೆ ಡಾಕ್ಟರನ್ನ ಕರೀತಾರೆ, ಜಗಳ ಬಂದ್ರೆ ವಕೀಲನ್ನ ಕರೀತಾರೆ..." ಎಂದು ಮಗಳು ಶುರುಮಾಡಿದಳು. ಅಣಕಿಸಲಿಲ್ಲ. ಅವಳ ಮುಖದಲ್ಲಿ ನಗುವೂ ಇರಲಿಲ್ಲ. ಅದಕ್ಕೇ ಅವನಿಗೆ ಹೆಚ್ಚು ಗಾಬರಿಯಾದದ್ದು.

"ಅದು ಭಾಷಣ ಕಣೇ."

"ಭಾಷಣ ಅಂದ್ರೆ ಸುಳ್ಳಾ?"

ಹೆಂಡತಿ ಪಾತ್ರೆ ಎತ್ತುತ್ತಾ, "ಹೇಳ್ರೀ, ನಾನೂ ಕೇಳ್ಬೇಕು ಅಂತಿದ್ದೆ" ಎಂದಳು. ಎಲ್ಲರ ಮನೆಯ ಮಕ್ಕಳಿಗೆ ಬುದ್ಧಿ ಹೇಳಿದವನು ತನ್ನ ಮನೆಯಲ್ಲಿ ತಟ್ಟೆ ಅತ್ತ ಸರಿಸಿದ. ಅವನು ಕೈ ತೊಳೆದುಕೊಂಡು ಎದ್ದ. ಅವನಿಗೆ ಸಿಟ್ಟಿಗಿಂತ ಸಂಕಟವೇ ಹೆಚ್ಚಾಗಿತ್ತು. ತಾನು ತೆವಳಿದ ಕಡೆಯೆಲ್ಲ ಈ ಮಗುವೂ ತೆವಳುವುದೇ ಎಂದುಕೊಂಡ.

ತರಬೇತಿ ಶಾಲೆಗೆ ಸೇರಿಸಿಕೊಳ್ಳುವ ದಿನ ಯಾವಾಗಿನ ಹಾಗೆ ಅವನದೇ ಭಾಷಣ. ಹಿಂದೆಗೆಯುವ ತಂದೆತಾಯಿಯರ ಮನಸ್ಸು ತಿರುಗಿಸುವುದು ಅವನ ಪಾಲಿನ ಕೆಲಸ. ಹಾಲ್‌ನಲ್ಲಿ ಮುಂದಿನ ಸಾಲಿನಲ್ಲೇ ಮಗಳು, ಪಕ್ಕದಲ್ಲಿ ಅವಳ ಅಮ್ಮ. ಆ ದಿನ ಅವನು ಜಾಯಿಂಟ್ ಮಾಡಿಸಿಕೊಂಡು ಬಂದಿರಲಿಲ್ಲ. ಇವತ್ತು ಎಲ್ಲರೆದುರೇ ಮಾಡಿ ತೋರಿಸುತ್ತೇನೆ ಎಂದು ಬಿಡಿ ಪೈಪು ತಂದಿದ್ದ. ಅವನ ಉಪಾಯ ಇಷ್ಟೇ: ಟೇಪು ಉಲ್ಟಾ ಸುತ್ತುವುದು. ನೀರು ಸೋರುತ್ತದೆ, ಜನ ನಗುತ್ತಾರೆ. ಅಪ್ಪನ ಮರ್ಯಾದೆ ಹೋದದ್ದನ್ನು ಕಣ್ಣಾರೆ ಕಂಡರೆ ಈ ಹುಡುಗಿ ತಾನಾಗಿ ಗಾಜಿನ ಬಾಗಿಲಿನ ಕಡೆಗೆ ಓಡುತ್ತಾಳೆ. ತನ್ನ ಮರ್ಯಾದೆ ಹೋದರೆ ಹೋಗಲಿ.

ಸುತ್ತಿದ. ಬಿಗಿ ಮಾಡಿದ. ನೀರು ಸುರಿದ. ನೀರು ಜಾಯಿಂಟಿನಿಂದ ಒಸರಿ ಅವನ ಇಸ್ತ್ರಿ ಅಂಗಿಯ ತೋಳಿನೊಳಕ್ಕೆ ಇಳಿಯಿತು. ಯಾರೋ ಹುಡುಗ ಕಿಸಕ್ಕೆಂದ. ಆಮೇಲೆ ಇಡೀ ಹಾಲ್ ನಕ್ಕಿತು.

ಮಗಳು ನಗಲಿಲ್ಲ. ಎದ್ದು ವೇದಿಕೆ ಹತ್ತಿ ಬಂದು, ಅವನ ಕೈಯಿಂದ ಪೈಪು ತೆಗೆದುಕೊಂಡಳು. "ಉಲ್ಟಾ ಸುತ್ತಿದ್ದೀಯ" ಎಂದಳು ಮೆಲ್ಲಗೆ. ನಿದ್ದೆಗಣ್ಣಿನಲ್ಲೂ ಅಪ್ಪ ಈ ತಪ್ಪು ಮಾಡುವವನಲ್ಲ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದೆ ಎಂದು ಅವನಿಗೂ ಗೊತ್ತಾಯಿತು. ಅವಳು ಅದನ್ನು ಬಿಚ್ಚಿ, ಹಳೆಯ ಟೇಪು ಕಿತ್ತು, ನಾಲಗೆ ತುದಿ ಹಲ್ಲಿನ ನಡುವೆ ಇಟ್ಟುಕೊಂಡು ಹೊಸದಾಗಿ ಸುತ್ತಿದಳು. ಬಿಗಿ ಮಾಡಿ ನೀರು ಸುರಿದಳು. ಅಪ್ಪನ ಜೇಬಿನಿಂದ ಕರವಸ್ತ್ರ ತೆಗೆದು ಒರೆಸಿ ತೋರಿಸಿದಳು.

ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಅಪ್ಪ ಮಗಳು ಮೊದಲೇ ಮಾತಾಡಿಕೊಂಡು ಮಾಡಿದ ನಾಟಕ ಇದು ಎಂದೇ ಎಲ್ಲರೂ ತಿಳಿದರು. ಪ್ರಿನ್ಸಿಪಾಲರಿಗಂತೂ ಹಿಗ್ಗೋ ಹಿಗ್ಗು. ಮೈಕ್ ಹಿಡಿದು, "ನಮ್ಮ ಮೊದಲನೇ ವಿದ್ಯಾರ್ಥಿನಿ ಇವಳೇ. ಏನಪ್ಪಾ, ನಿನ್ನ ಒಪ್ಪಿಗೆ ಇದೆ ತಾನೇ?" ಎಂದು ಕೇಳಿದರು.

ಜೀವಮಾನದಲ್ಲಿ ಮೊದಲ ಸಲ ಭಾಷಣದ ಪ್ಲಂಬರ್ ಮೈಕ್ ಮುಂದೆ ತಡವರಿಸಿದ. "ನಾಳೆ ಹೇಳ್ತೀನಿ ಸಾರ್" ಎಂದ.

ಮನೆಗೆ ಹೋಗುವ ದಾರಿಯಲ್ಲೇ ಮಗಳಿಗೆ, "ನಾಳೆ ಬೆಳಿಗ್ಗೆ ನನ್ನ ಜೊತೆ ಕೆಲಸಕ್ಕೆ ಬಾ. ದೊಡ್ಡ ಮನೆಯಲ್ಲಿ ಹಿತ್ತಲ ಮೋರಿ ಕಟ್ಕೊಂಡಿದೆಯಂತೆ. ಅದನ್ನ ನೋಡಿದ ಮೇಲೂ ಸೇರ್ತೀನಿ ಅಂದ್ರೆ ಸೇರ್ಕೋ" ಎಂದ. ಅವನ ಕೈಯಲ್ಲಿ ಉಳಿದಿದ್ದ ಕೊನೆಯ ಉಪಾಯ ಅದು. ಆ ಮನೆಗೆ ಹೋಗುವ ಅವನ ದಾರಿ ಅವನಿಗೆ ಚೆನ್ನಾಗಿ ಗೊತ್ತಿತ್ತು. ಪಕ್ಕದ ಸಣ್ಣ ಗೇಟು, ಕಸದ ಡಬ್ಬಿಗಳು, ನಾಯಿಗೂಡು, ಪಾಚಿ ಕಟ್ಟಿದ ಓಣಿ. ಮಹಡಿಗೂ ಹಿಂದಿನ ಕಬ್ಬಿಣದ ಮೆಟ್ಟಿಲಿನಿಂದಲೇ. ಹುಡುಗನಾಗಿದ್ದಾಗಿನಿಂದಲೂ ಅವನು ಯಾವ ಮನೆಗೆ ಹೋದರೂ ಹೋಗುತ್ತಿದ್ದದ್ದು ಹಾಗೆಯೇ. ಆ ಓಣಿಯಲ್ಲಿ ನಡೆದರೆ ಸಾಕು, ತಾನು ಏನೂ ಹೇಳಬೇಕಾಗಿಲ್ಲ ಎಂದುಕೊಂಡ.

ಬೆಳಿಗ್ಗೆ ದೊಡ್ಡ ಮನೆಯ ಹತ್ತಿರ ಬಂದು, ಅವನು ತಲೆ ತಗ್ಗಿಸಿಕೊಂಡು ಸಣ್ಣ ಗೇಟಿನ ಚಿಲಕ ತೆಗೆದ. ಹಿಂದೆ ಯಾರೂ ಬರಲಿಲ್ಲ. ತಿರುಗಿ ನೋಡಿದರೆ ಮಗಳು ಚೀಲವನ್ನು ಹೆಗಲಿಗೆ ಹಾಕಿಕೊಂಡು ದೊಡ್ಡ ಗೇಟು ದಾಟಿ, ಮುಂಬಾಗಿಲ ಮೆಟ್ಟಿಲು ಹತ್ತಿ, ಕರೆಗಂಟೆ ಒತ್ತಿ ನಿಂತಿದ್ದಾಳೆ.

"ಅಯ್ಯೋ, ಅಲ್ಲಲ್ಲ ಕಣೇ, ಇಲ್ಲಿ ಬಾ" ಎಂದು ಪಿಸುಗುಟ್ಟಿದ.

"ಮುಂಬಾಗಿಲಿನಿಂದಲೇ ಬನ್ನಿ ಅಂತಾರೆ ಅಂತ ನೀನೇ ತಾನೇ ಹೇಳೋದು?" ಎಂದಳು ಅವಳು. ಅವಳ ಮುಖ ನೋಡಿದ. ಅದೇ ಮುಖ, ನಗುವಿಲ್ಲದ್ದು. ಇಷ್ಟು ವರ್ಷ ಇಷ್ಟು ಶಾಲೆಗಳಲ್ಲಿ ಹೇಳಿದ್ದನ್ನು ನಂಬಿದ ಮಗು ಒಂದಿತ್ತು, ಅದು ತನ್ನ ಮನೆಯಲ್ಲೇ ಇತ್ತು ಎಂದು ಅವನಿಗೆ ಆಗ ಹೊಳೆಯಿತು. ನೆಲ ಬಾಯಿಬಿಟ್ಟರೆ ಇಳಿದುಹೋಗುತ್ತಿದ್ದ.

ಬಾಗಿಲು ತೆರೆಯಿತು. ಮನೆಯ ಯಜಮಾನಿ ಹುಡುಗಿಯನ್ನು ನೋಡಿದರು, ಚೀಲ ನೋಡಿದರು, ಆಚೆ ಸಣ್ಣ ಗೇಟು ಹಿಡಿದು ನಿಂತಿದ್ದವನನ್ನು ನೋಡಿದರು.

"ನಿನ್ನ ಮಗಳೇನಪ್ಪಾ? ಒಳಗೆ ಬಾಮ್ಮ. ನೀನೂ ಬಾ, ಅಲ್ಲೇ ಯಾಕೆ ನಿಂತೆ?"

"ನಾನು ಹಿಂದಿನಿಂದ ಬರ್ತೀನಮ್ಮ, ರೂಢಿ."

"ಅದೇನು ರೂಢಿಯೋ. ಆ ನಾಯಿಗೂಡು ದಾಟಿ ಯಾಕೆ ಬರ್ತಾನೆ ಈ ಮನುಷ್ಯ ಅಂತ ನಮ್ಮನೇಲಿ ಎಷ್ಟು ಸಲ ಅಂದ್ಕೊಂಡಿದ್ದೀವಿ. ನಿನಗೆ ಮುಂದಿನ ಬಾಗಿಲು ಇಷ್ಟ ಇಲ್ಲವೇನೋ ಅಂತ ಸುಮ್ನಿದ್ವಿ" ಎಂದರು ಆಕೆ. ಅದು ನಿಜವೋ, ಆ ಗಳಿಗೆಗೆ ಬಂದ ಮರ್ಯಾದೆಯ ಮಾತೋ, ಅವನಿಗೆ ತಿಳಿಯಲಿಲ್ಲ. ಯಾರೂ ಬೇಡ ಎಂದದ್ದು ನೆನಪಿಲ್ಲ. ಬರಲೇ ಎಂದು ತಾನು ಕೇಳಿದ್ದೂ ನೆನಪಿಲ್ಲ.

ಚಪ್ಪಲಿ ಬಿಟ್ಟು ಒಳಗೆ ಬಂದ. ಆ ಮನೆಯ ಪ್ರತಿ ಪೈಪು, ಪ್ರತಿ ತಿರುವು ಅವನಿಗೆ ಅಂಗೈಯಷ್ಟು ಪರಿಚಯ. ಹಾಲ್ ನೋಡಿದ್ದು ಮಾತ್ರ ಇವತ್ತೇ. ಮೆತ್ತನೆಯ ಕುರ್ಚಿಗಳು, ದೊಡ್ಡ ಕಿಟಕಿ, ಹೂದಾನಿ. ಯಜಮಾನಿ ಕುರ್ಚಿ ಎಳೆದರು, ಕೂರು ಎಂದರು. ಭಾಷಣದಲ್ಲಿ ಹೇಳಿದ್ದಷ್ಟೂ ಕಣ್ಣೆದುರೇ ನಡೆಯುತ್ತಿತ್ತು. ಕೂತು, ಸಮಾಧಾನವಾಗಿ ಒಮ್ಮೆ ತಲೆಯೆತ್ತಿದ.

ಚಾವಣಿಯಲ್ಲಿ ಅಗಲವಾದ ಹಳದಿ ಕಲೆಯಿತ್ತು. ಕಲೆಯ ಸುತ್ತ ಇನ್ನೊಂದು, ಅದರ ಸುತ್ತ ಮತ್ತೊಂದು. ಮೇಲೆ ಬಣ್ಣ ಬಳಿದಿದ್ದರು, ಬಣ್ಣವೂ ಉಬ್ಬಿ ಹಪ್ಪಳೆ ಎದ್ದಿತ್ತು. ಅದರ ನೇರ ಮೇಲೆ ಏನಿದೆ ಎಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಮಹಡಿಯ ಬಚ್ಚಲು.

"ಅದಾ? ಮಳೆ ನೀರು ಇಳಿಯುತ್ತೇನೋಪ್ಪ" ಎಂದರು ಯಜಮಾನಿ. "ಪ್ರತಿ ವರ್ಷ ಬಣ್ಣ ಬಳಿಸ್ತೀವಿ, ಮತ್ತೆ ಬರುತ್ತೆ."

ಮಗಳು ಚಾವಣಿ ನೋಡಿದಳು, ಅಪ್ಪನನ್ನು ನೋಡಿದಳು. ಎಷ್ಟು ಶಾಲೆಗಳಲ್ಲಿ ಎದೆ ತಟ್ಟಿಕೊಂಡು ಹೇಳಿದ್ದ, ಒಂದು ಹನಿ ಸೋರಿಲ್ಲ ಎಂದು. ಮುಂಬಾಗಿಲಿನಿಂದ ಒಂದೇ ಒಂದು ಸಲ ಬಂದಿದ್ದರೂ ಗೊತ್ತಾಗುತ್ತಿತ್ತು. ಮಳೆಯ ನೀರೇ ಇರಬೇಕಮ್ಮ ಎಂಬ ಮಾತು ನಾಲಗೆಯ ತುದಿಯವರೆಗೂ ಬಂದಿತ್ತು. ಮಗಳು ಇನ್ನೂ ಅವನನ್ನೇ ನೋಡುತ್ತಿದ್ದಳು.

"ಮಳೆಯಲ್ಲಮ್ಮ" ಎಂದ. "ನಂದೇ ಜಾಯಿಂಟ್."

ಎದ್ದು ಚೀಲ ಕೈಗೆತ್ತಿಕೊಂಡ. "ಮೋರಿ ಆಮೇಲೆ ನೋಡೋಣ. ಮೊದಲು ಮೇಲಕ್ಕೆ ಹೋಗಬೇಕು."

ಯಜಮಾನಿ ಹಾಲ್‌ನ ಮೂಲೆಯ ಮೆಟ್ಟಿಲು ತೋರಿಸಿದರು. ಮೇಲಕ್ಕೆ ಒಳಗಿನಿಂದಲೂ ದಾರಿಯಿದೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ. ಮಗಳು ಮುಂದೆ ಹತ್ತಿದಳು, ಅವನು ಮಂಡಿ ಹಿಡಿದುಕೊಂಡು ಹಿಂದೆ ಹತ್ತಿದ. ಅರ್ಧಕ್ಕೆ ನಿಂತು ಏದುಸಿರು ಬಿಡುತ್ತಾ, "ಪುಟ್ಟೀ, ಇದು ಮುಗಿದ ಮೇಲೆ ಪ್ರಿನ್ಸಿಪಾಲರ ಹತ್ರ ಹೋಗಿ ಬರೋಣ" ಎಂದ.

"ಆಯ್ತಪ್ಪ."

"ಟೇಪು ನೀನೇ ಸುತ್ತು" ಎಂದ.