ಮೊದಲ ಸಾಲು ಕಳೆದುಕೊಂಡ ಹಾಡು

ಬೇಸ್‌ಬಾಲ್ ಎಂಬ ಆಟದಲ್ಲಿ ಮ್ಯಾನೇಜರ್ ಕೂಡ ಆಟಗಾರರ ಬಟ್ಟೆಯನ್ನೇ ತೊಟ್ಟು ಕೂರುತ್ತಾನೆ. ಇದು ನನಗೆ ತಿಳಿದದ್ದು ಎಪ್ಪತ್ತು ದಾಟಿದ ಮೇಲೆ. ನನ್ನ ಮೊಮ್ಮಗಳು ಕಾಲೇಜಿನ ತಂಡದಲ್ಲಿ ಆ ಆಟ ಆಡುತ್ತಾಳೆ. ಅಮೆರಿಕದಲ್ಲಿ ರಾತ್ರಿ ನಡೆಯುವ ಪಂದ್ಯ ರಾಮಮೂರ್ತಿ ನಗರದ ನಮ್ಮ ಮನೆಯಲ್ಲಿ ಬೆಳಗಿನ ತಿಂಡಿಯ ಹೊತ್ತಿಗೆ ಬರುತ್ತದೆ. ಅವಳ ಫೋನಿನಲ್ಲಿ ಹೊಟ್ಟೆ ಬಂದ ಒಬ್ಬ ಮುದುಕ ಪಟ್ಟೆ ಪಟ್ಟೆ ಅಂಗಿ, ಟೋಪಿ ಹಾಕಿಕೊಂಡು ಏನನ್ನೋ ಅಗಿಯುತ್ತ ಕುಳಿತಿದ್ದ.

“ಇವನೂ ಆಡ್ತಾನಾ?” ಎಂದು ಕೇಳಿದೆ.

“ಇಲ್ಲ ತಾತ, ಇವ್ರು ಮ್ಯಾನೇಜರ್. ತುಂಬಾ ದೊಡ್ಡ ಹೆಸ್ರು.”

“ಮ್ಯಾನೇಜರ್‌ಗೆ ಯಾಕಮ್ಮಾ ಈ ವೇಷ?”

“ನೀನು ಫುಟ್‌ಬಾಲ್ ಮ್ಯಾನೇಜರ್ ಆಗಿದ್ದಾಗ ಏನ್ ಹಾಕ್ತಿದ್ದೆ?”

“ಬಿಳಿ ಪ್ಯಾಂಟು, ಬಿಳಿ ಶರ್ಟು.”

“ಮದ್ವೆಗ್ ಹೋಗೋ ಹಾಗೆ!” ಎಂದು ನಕ್ಕಳು.

ಅಷ್ಟರಲ್ಲಿ ಆ ಮುದುಕ ಎದ್ದು, ಅವಸರವೇ ಇಲ್ಲದೆ ಮೈದಾನದ ನಡುವಿಗೆ ನಡೆದು ಹೋದ. ಅಲ್ಲಿ ಚೆಂಡು ಎಸೆಯುತ್ತಿದ್ದ ಹುಡುಗನ ಮುಂದೆ ಕೈ ಚಾಚಿದ. ಹುಡುಗ ಚೆಂಡನ್ನು ಅವನ ಕೈಗಿಟ್ಟು ಹೊರಗೆ ಬಂದ. ಯಾಕೆ ಹಾಗೆ ಎಂದೆ.

“ಕೈ ಸೋತಿದೆ ಅಂತ ಗೊತ್ತಾದ್ರೆ ಮ್ಯಾನೇಜರೇ ಹೋಗಿ ಬಾಲ್ ಇಸ್ಕೋತಾರೆ ತಾತ. ಗೊತ್ತಿದ್ದೂ ಸುಮ್ನೆ ಕೂತ್ರೆ, ಆಮೇಲೆ ಬೈಗುಳ ಎಲ್ಲಾ ಅವ್ರಿಗೇ.”

ನನ್ನ ಕೈಯಲ್ಲಿದ್ದ ದೋಸೆ ತಟ್ಟೆಗೆ ಮರಳಿತು. ಮೂವತ್ತು ವರ್ಷದಿಂದ ನಾನು ನಡೆಯದೆ ಉಳಿಸಿಕೊಂಡ ನಡಿಗೆ ಅದು.

ನಾನು ಎಸ್‌ಎಸ್‌ಎಲ್‌ಸಿವರೆಗೆ ಓದಿದವನು. ಕಾರ್ಖಾನೆಯಲ್ಲಿ ಫಿಟ್ಟರ್ ಕೆಲಸ, ಭಾನುವಾರ ಹಲಸೂರಿನ ನಮ್ಮ ಬೀದಿಯ ಫುಟ್‌ಬಾಲ್ ತಂಡದ ಮ್ಯಾನೇಜರ್. ಜಂಬಕ್ಕೆ ಹೇಳುತ್ತಿಲ್ಲ, ಒಳ್ಳೆಯ ಮ್ಯಾನೇಜರೇ ಆಗಿದ್ದೆ. ಯಾರು ಯಾವ ಕಾಲಲ್ಲಿ ಒದೆಯುತ್ತಾರೆ, ಯಾರು ಬೈದರೆ ಚೆನ್ನಾಗಿ ಆಡುತ್ತಾರೆ, ಯಾರು ಬೈದರೆ ಕುಗ್ಗುತ್ತಾರೆ, ಎಲ್ಲ ಗೊತ್ತಿತ್ತು. ಪಂದ್ಯದ ಬೆಳಿಗ್ಗೆ ಸೋಮೇಶ್ವರನ ಗುಡಿಯ ಕುಂಕುಮ, ದರ್ಗಾದ ದಾರ, ಶಿವಾಜಿನಗರದ ಚರ್ಚಿನಲ್ಲಿ ಒಂದು ಮೇಣದಬತ್ತಿ, ಮೂರೂ ತಪ್ಪುತ್ತಿರಲಿಲ್ಲ. ತಂಡದಲ್ಲಿ ಮೂರೂ ಕಡೆಯವರಿದ್ದರು. ಯಾವ ದೇವರನ್ನೂ ನಾನು ಬೆಂಚಿನ ಮೇಲೆ ಕೂರಿಸಿದವನಲ್ಲ.

ನಾಲ್ಕನೆಯದು ಹಾಡು. ಅದನ್ನು ಕಟ್ಟಿದವನು ನಮ್ಮ ಗೋಲ್‌ಕೀಪರ್. ವಾರವೆಲ್ಲ ಮನೆಗಳಿಗೆ ಸುಣ್ಣ ಬಣ್ಣ ಹೊಡೆಯುವುದು ಅವನ ಕಸುಬು. ಊರನ್ನು ಹಾಡುವವರು ಬಹಳ ಜನ. ಅವರ ಹಾಡುಗಳಲ್ಲಿ ಉದ್ಯಾನ, ತಣ್ಣನೆ ಗಾಳಿ, ಚೆಂದದ ಹುಡುಗಿಯರು. ಇವನು ಈ ಊರನ್ನು ಕಂಡದ್ದು ಏಣಿಯ ಮೇಲಿನಿಂದ, ಗೋಡೆ ಗೋಡೆಯಾಗಿ. ನೀರಿನ ಕ್ಯಾನನ್ನು ಬೋರಲು ಹಾಕಿ ಬಡಿಯುತ್ತ ಹಾಡುತ್ತಿದ್ದ:

ಶಿವಾಜಿನಗರದಲ್ ಬಸ್ಸು ಹತ್ತಿ
ಹಲಸೂರ್ ಕೆರೆಗೆ ಒಂದ್ಸಲ ಸುತ್ತಿ
ಇಂದಿರಾನಗರದ ಗೋಡೆಗೆ ಬಣ್ಣ
ಕೆ.ಆರ್. ಪುರಕ್ಕೆ ಬಂದ್ಬಿಡು ಅಣ್ಣ

ಇದು ಎಲ್ಲರಿಗೂ ಬಾಯಿಪಾಠ. ಆದರೆ ಇದಕ್ಕೂ ಮುಂಚೆ ಒಂದು ಮೊದಲ ಸಾಲು ಇರುತ್ತಿತ್ತು. ಅದು ಪ್ರತಿ ಪಂದ್ಯಕ್ಕೂ ಹೊಸದು. ಎದುರು ತಂಡ ಯಾವ ಬಡಾವಣೆಯದೋ ಅದರ ಮೇಲೆ, ಅರ್ಧ ಹೊಗಳಿಕೆ ಅರ್ಧ ಕೀಟಲೆ, ಬೂಟಿನ ದಾರ ಕಟ್ಟುವ ಹೊತ್ತಿಗೆ ಹುಟ್ಟಿಸುತ್ತಿದ್ದ. “ತಿಪ್ಪಸಂದ್ರಕೆ ತರಕಾರಿಗ್ ಬಂದೆ, ಚೀಲದ ತುಂಬಾ ಗೋಲು ತಂದೆ” ಎಂದು ಒಮ್ಮೆ ಹಾಡಿದಾಗ ಎದುರು ತಂಡದವರೇ ಕುಣಿದಿದ್ದರು. ಆ ಸಾಲು ಅವನ ಬಾಯಿಂದ ಬಾರದೆ ನಾವು ಮೈದಾನಕ್ಕೆ ಇಳಿಯುತ್ತಿರಲಿಲ್ಲ.

ಆ ವರ್ಷ ಫೈನಲ್ ಇದ್ದದ್ದು ಕಮ್ಮನಹಳ್ಳಿ ತಂಡದ ಮೇಲೆ. ಕಮ್ಮನಹಳ್ಳಿ ಅವನ ಹೆಂಡತಿಯ ತವರು. ಅವಳ ಸ್ವಂತ ತಮ್ಮನೇ ಆ ತಂಡದಲ್ಲಿ ಗೋಲು ಹೊಡೆಯುವವನು. ಬೆಳಗಿನಿಂದಲೇ ಇವನಿಗೆ ಕೀಟಲೆ ಶುರುವಾಗಿತ್ತು. ಇವನೂ ಸುಮ್ಮನಿರಲಿಲ್ಲ, “ಕಮ್ಮನಹಳ್ಳಿಯ ಊಟ ಚಂದ, ಉಂಡವ್ನೆಂದೂ ಮರೆಯಲ್ಲ ಕಂದ” ಎಂದು ಹಾಡಿ ಎಲ್ಲರನ್ನೂ ನಗಿಸಿದ.

ಹಾಡಿಗೆ ಮುಂಚೆ ಮರದ ಹಿಂದೆ ಕರೆದು ನನಗೊಬ್ಬನಿಗೇ ಕೈ ತೋರಿಸಿದ್ದ. ಹಿಂದಿನ ದಿನ ಏಣಿ ಜಾರಿ ಎಡಗೈಯ ಉಂಗುರದ ಬೆರಳು ಬದನೆಕಾಯಿಯ ಹಾಗೆ ಊದಿ ನೀಲಿಯಾಗಿತ್ತು.

“ಅಣ್ಣಾ, ಬಾಲ್ ಹಿಡಿಯಕ್ಕಾಗಲ್ಲ. ಇವತ್ತು ನನ್ನ ಬಿಟ್ಬಿಡಿ.”

ಇನ್ನೊಬ್ಬ ಕೀಪರ್ ಅಲ್ಲೇ ಬೆಂಚಿನಲ್ಲಿದ್ದ, ಕೆಟ್ಟವನೇನಲ್ಲ. ಆದರೆ ಇವನು ನಿಂತಿದ್ದರೆ ಎದುರಾಳಿಗಳ ಕಾಲು ನಡುಗುತ್ತದೆ ಎಂಬುದು ನನ್ನ ಲೆಕ್ಕ. ಅದಕ್ಕಿಂತ ದೊಡ್ಡದು, ಕಪ್ ತರುತ್ತೇನೆಂದು ಕಾರ್ಖಾನೆಯ ತುಂಬಾ ಹೇಳಿಕೊಂಡು ಬಂದಿದ್ದೆ.

“ಹಾಫ್ ಟೈಮ್‌ವರೆಗೆ ನಿಲ್ಲು. ಆಮೇಲೆ ನಾನೇ ಬದಲಾಯಿಸ್ತೀನಿ. ಯಾರಿಗೂ ಹೇಳ್ಬೇಡ, ಗೊತ್ತಾದ್ರೆ ಆ ಕಡೆಗೇ ಹೊಡೀತಾರೆ” ಎಂದೆ. ಎರಡು ಬೆರಳನ್ನು ಜೋಡಿಸಿ ಪ್ಲಾಸ್ಟರ್ ಸುತ್ತಿದೆ. ಮೇಲೆ ಗ್ಲೌಸ್ ಹಾಕಿದ. ಬೆರಳು ಯಾರಿಗೂ ಕಾಣಲಿಲ್ಲ.

ಹಾಫ್ ಟೈಮಿಗೆ ನಾವು ಒಂದು ಗೋಲು ಮುಂದಿದ್ದೆವು. ಅವನು ದೂರದಿಂದಲೇ ನನ್ನ ಕಡೆ ಎಡಗೈ ಎತ್ತಿದ. ನಾನು ಹುಡುಗರಿಗೆ ಚೀಪಲು ನಿಂಬೆಹಣ್ಣು ಹೆಚ್ಚುವುದರಲ್ಲಿ ಮುಳುಗಿದವನ ಹಾಗೆ ತಲೆ ಬಗ್ಗಿಸಿದೆ. ನನಗೂ ಅವನಿಗೂ ನಡುವೆ ಇದ್ದದ್ದು ಇಪ್ಪತ್ತು ಹೆಜ್ಜೆ. ನನ್ನ ಬಿಳಿ ಪ್ಯಾಂಟಿಗೆ ಕೆಂಪು ಮಣ್ಣಿನ ಒಂದು ಚುಕ್ಕೆಯೂ ಬಿದ್ದಿರಲಿಲ್ಲ.

ಕೊನೆಯ ಹತ್ತು ನಿಮಿಷದಲ್ಲಿ ಎರಡು ಗೋಲು ಬಿದ್ದವು. ಮೊದಲನೆಯದನ್ನು ಯಾರೂ ತಡೆಯಲಾರರು. ಎರಡನೆಯದು ಅವನ ಭಾಮೈದ ಹೊಡೆದದ್ದು, ಮಕ್ಕಳೂ ಹಿಡಿಯುವಂಥ ಚೆಂಡು. ನೇರ ಅವನ ಎದೆಗೇ ಬಂದು, ಕೈಯಿಂದ ಜಾರಿ, ಹಿಂದಕ್ಕೆ ಉರುಳಿ ಗೆರೆ ದಾಟಿತು.

“ತವರಿಗೆ ಉಡುಗೊರೆ ಕೊಟ್ಟ ನೋಡು ಮಗಾ!” ನಮ್ಮವನೇ ಒಬ್ಬ ಕೂಗಿದ.

“ಬೆಳಿಗ್ಗೆನೇ ಹಾಡಿದ್ನಲ್ಲ ಗುರು, ಉಂಡಿದ್ದು ಮರೆಯಲ್ಲ ಅಂತ!”

ಅವನು ಗ್ಲೌಸ್ ಕಿತ್ತು ಬೆರಳು ತೋರಿಸಿದ. ಸೋತ ಮೇಲೆ ಕಾಣುವ ನೋವನ್ನು ಯಾರು ನಂಬುತ್ತಾರೆ? “ಈಗ ಬಿದ್ಯಲ್ಲ, ಅದ್ರಲ್ಲಿ ಆಗಿರ್ಬೇಕು ಬಿಡು” ಎಂದು ನಕ್ಕರು. ಆಗ ಅವನು ನನ್ನನ್ನು ನೋಡಿದ. ಎಲ್ಲರೂ ನನ್ನನ್ನು ನೋಡಿದರು. “ಹೌದು, ಬೆಳಿಗ್ಗೆಯೇ ಹೇಳಿದ್ದ, ನಾನೇ ಗೋಲಲ್ಲಿ ನಿಲ್ಲಿಸಿದೆ” ಎಂದಿದ್ದರೆ ಮುಗಿಯುತ್ತಿತ್ತು.

ನಾನು ಹೇಳಿದ್ದು: “ಅದನ್ನ ಅವನ್ನೇ ಕೇಳಿ.”

ಇಷ್ಟೇ ನನ್ನ ಪಾಪ. ಕೈ ಎತ್ತಿ ಯಾರನ್ನೂ ಹೊಡೆದವನಲ್ಲ, ಯಾರ ಮನೆಯನ್ನೂ ಮುರಿದವನಲ್ಲ. ಈ ಒಂದು ಮಾತು ಸಾಕಾಯಿತು. ಅವನು ಮತ್ತೆ ಆಡಲು ಬರಲಿಲ್ಲ. ಬೀದಿಯಲ್ಲಿ ಅವನ ಹೆಂಡತಿಯನ್ನು ಕಂಡರೆ “ಏನಮ್ಮಾ, ತವರಿನ ಕಪ್ ಹೇಗಿದೆ?” ಎನ್ನುವುದು ವರ್ಷಗಟ್ಟಲೆ ನಡೆಯಿತು. ಕೊನೆಗೆ ಮನೆ ಖಾಲಿ ಮಾಡಿ ಕೆ.ಆರ್. ಪುರದ ಕಡೆ ಹೋದರು. ನಾವು ಹಾಡನ್ನು ಬಿಡಲಿಲ್ಲ, ಎರಡನೆಯ ಸಾಲಿನಿಂದ ಶುರು ಮಾಡುತ್ತಿದ್ದೆವು. ಮೊದಲ ಸಾಲು ಕಟ್ಟಲು ಹುಡುಗರು ಪ್ರಯತ್ನಪಟ್ಟರು. ಬರೀ ಬೈಗುಳ ಬರುತ್ತಿತ್ತು, ನಗು ಬರುತ್ತಿರಲಿಲ್ಲ.

ಮೊಮ್ಮಗಳ ಫೋನು ನೋಡಿದ ವಾರವೇ ಹಳೆಯ ಆಟಗಾರರು ಮನೆಗೆ ಬಂದರು. ಹಲಸೂರಿನಲ್ಲಿ ಹಾಲ್ ಹಿಡಿದಿದ್ದಾರಂತೆ. ನನಗೆ ಶಾಲು, ಹಾರ. ವಾದ್ಯದವರನ್ನು ಕರೆಸಿ ಹಾಡನ್ನೂ ಹಾಡಿಸುತ್ತಾರಂತೆ. ಕಾರ್ಡಿನಲ್ಲಿ ನನ್ನ ಫೋಟೋದ ಕೆಳಗೆ ‘ನಮ್ಮ ಮಹಾನ್ ಮ್ಯಾನೇಜರ್’ ಎಂದು ಅಚ್ಚಾಗಿತ್ತು. ಅದರ ಕೆಳಗೆ, ಹಾಡು ಕಟ್ಟಿದವರ ಜಾಗದಲ್ಲಿ, ಯಾರ ಹೆಸರೂ ಇರಲಿಲ್ಲ.

ಮರುದಿನ ಕೆ.ಆರ್. ಪುರಕ್ಕೆ ಹೋಗಿ ವಿಚಾರಿಸಿಕೊಂಡು ಅವನ ಮನೆ ಹುಡುಕಿದೆ. ಬಾಗಿಲು ತೆರೆದವಳು ಅವನ ಹೆಂಡತಿ. ಗುರುತು ಹಿಡಿದಳು, ಒಳಗೆ ಕರೆದಳು, ನೀರು ಕೊಟ್ಟಳು. ಅವನು ಕುರ್ಚಿಯಲ್ಲಿದ್ದ, ತಲೆಯೆಲ್ಲ ಸುಣ್ಣ ಹೊಡೆದಷ್ಟು ಬೆಳ್ಳಗೆ. ಎಡಗೈಯ ಆ ಬೆರಳು ಸೊಟ್ಟಗೇ ಕೂಡಿಕೊಂಡಿತ್ತು. ನಾನು ಬಂದ ಕಾರಣ ಹೇಳಿದೆ. ತಪ್ಪಾಯಿತು ಎಂದೆ.

ಅವನು ಬೆರಳನ್ನೇ ನೋಡುತ್ತ, “ಬಿಡಿ ಅಣ್ಣಾ, ಹಳೇ ಕತೆ” ಎಂದ.

“ನಿಮಗೆ ಹಳೇದು,” ಎಂದಳು ಅವಳು, ಅವನಿಗೆ. ಆಮೇಲೆ ನನ್ನ ಕಡೆ ತಿರುಗಿದಳು. “ಇಲ್ಲಿ ನಾಲ್ಕು ಗೋಡೆ ಮಧ್ಯೆ ಹೇಳಿದ್ರೆ ಏನ್ ಬಂತು? ಇವರು ಇವತ್ತಿಗೂ ನನ್ನ ತಮ್ಮನ ಮನೇಲಿ ಕೂತು ಊಟ ಮಾಡಲ್ಲ, ಗೊತ್ತಾ ನಿಮಗೆ? ಮೈಕಲ್ಲಿ ಹೇಳಿ. ಅವತ್ತು ನಕ್ಕೋರೆಲ್ಲಾ ಬರ್ತಾರಲ್ಲ, ಅವರ ಮುಂದೆ ಹೇಳಿ. ನನ್ನ ತಮ್ಮನ್ನೂ ಕರ್ಕೊಂಡ್ ಬರ್ತೀನಿ.”

“ಹೇಳ್ತೀನಮ್ಮ.”

“ನೋಡೋಣ,” ಎಂದಳು.

ಆ ಭಾನುವಾರ ಬೆಳಿಗ್ಗೆ ಬೀರು ತೆರೆದು ನೋಡಿದರೆ ಇದ್ದವೆಲ್ಲ ಬಿಳಿ ಬಟ್ಟೆಗಳೇ. ಅದನ್ನೇ ಹಾಕಿಕೊಂಡು ಹೋದೆ. ಹಾಲ್ ತುಂಬಿತ್ತು. ಕೊನೆಯ ಸಾಲಿನಲ್ಲಿ ಅವನು, ಅವಳು, ಪಕ್ಕದಲ್ಲಿ ಬೊಕ್ಕತಲೆಯ ತಮ್ಮ. ಶಾಲು ತಂದಾಗ ತಡೆದು ಮೈಕ್ ಕೇಳಿದೆ. ಭಾಷಣ ಎಂದುಕೊಂಡು ಚಪ್ಪಾಳೆ ತಟ್ಟಿದರು.

ಮರದ ಹಿಂದೆ ಆದದ್ದು, ಪ್ಲಾಸ್ಟರ್ ಸುತ್ತಿದ್ದು, ಹಾಫ್ ಟೈಮಿನ ನಿಂಬೆಹಣ್ಣು, ಆಮೇಲೆ ಆಡಿದ ಮಾತು, ಎಲ್ಲವನ್ನೂ ಹೇಳಿದೆ. “ಆ ಗೋಲು ಬಿಟ್ಟಿದ್ದು ಅವನಲ್ಲ, ನಾನು” ಎಂದೆ. ಉಡುಗೊರೆ ಎಂದು ಅವತ್ತು ಕೂಗಿದವನು ಮುಂದಿನ ಸಾಲಿನಲ್ಲೇ ಇದ್ದ, ನೆಲ ನೋಡುತ್ತಿದ್ದ. ಹಿಂದಿನಿಂದ ಯಾರೋ “ಇಷ್ಟು ವರ್ಷ ಏನ್ರೀ ಮಾಡ್ತಿದ್ರಿ?” ಎಂದರು.

ಮೈಕ್ ಹಿಡಿದು ವೇದಿಕೆ ಇಳಿದೆ. ಕೊನೆಯ ಸಾಲಿನವರೆಗೆ ನಡೆದು ಅವನ ಮುಂದೆ ಕೈ ಚಾಚಿದೆ.

ಅವನು ಹೆಂಡತಿಯ ಮುಖ ನೋಡಿದ. ಅವಳು ಒಮ್ಮೆ ತಲೆಯಾಡಿಸಿದಳು. ಮೈಕ್ ತೆಗೆದುಕೊಂಡ. ನನ್ನನ್ನು ಅಡಿಯಿಂದ ಮುಡಿಯವರೆಗೆ, ಬೂಟಿನ ದಾರ ಕಟ್ಟುವಷ್ಟು ಹೊತ್ತು ನೋಡಿ, ಕುರ್ಚಿಯ ಕೈಯನ್ನು ಸೊಟ್ಟ ಬೆರಳಿನಲ್ಲೇ ಬಡಿಯುತ್ತ ಶುರು ಮಾಡಿದ:

ಬಿಳಿ ಪ್ಯಾಂಟಣ್ಣ ಲೇಟಾಗ್ ಬಂದ
ಬಾಯಲ್ ಬಚ್ಚಿಟ್ಟ ಬೆರಳು ತಂದ

ಮೊದಲು ನಕ್ಕವನು ಅವನ ಭಾಮೈದ. ಆಮೇಲೆ ಇಡೀ ಹಾಲ್ ಶಿವಾಜಿನಗರದಲ್ಲಿ ಬಸ್ಸು ಹತ್ತಿತು. ವಾದ್ಯದವರು ಶ್ರುತಿ ಹುಡುಕುವಷ್ಟರಲ್ಲಿ ಇವರು ಹಲಸೂರು ಕೆರೆ ದಾಟಿದ್ದರು.

ಕ್ಷಮಿಸಿದೆ ಎಂದು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಹಾಡು ಮುಗಿದ ಮೇಲೆ ಊಟಕ್ಕೆ ಎದ್ದರು. ಅವನು ಎಲೆ ಹಾಕಿಸಿಕೊಂಡದ್ದು ಭಾಮೈದನ ಪಕ್ಕದಲ್ಲಿ. ನಾನು ಬಕೆಟ್ ಹಿಡಿದು ಆ ಸಾಲಿಗೆ ಸಾರು ಬಡಿಸಿದೆ. ಪ್ಯಾಂಟಿನ ಮೇಲೆಲ್ಲ ಚೆಲ್ಲಿತು.