ಕೆಳಗಿಂದ ಮೇಲಕ್ಕೆ ಓದುವವರು

ನಮ್ಮ ಮಹಡಿಮನೆಯ ಅಣ್ಣನವರು ಮೂವತ್ತೆಂಟು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದವರು. ನಿವೃತ್ತರಾದರೂ ಚಾಳಿ ಬಿಟ್ಟಿಲ್ಲ. ಔಷಧಿ ಚೀಟಿ, ಸೋಪಿನ ಹೊದಿಕೆ, ಏನು ಸಿಕ್ಕರೂ ಸಾಲಿನ ಕೆಳಗೆ ಅಳತೆಪಟ್ಟಿ ಇಟ್ಟು ಓದುತ್ತಾರೆ. ಓಣಿಯ ಮಕ್ಕಳಿಗೆ ಅವರು ಕಾಮಾ ತಾತ. ನಾನೂ ಬೆನ್ನ ಹಿಂದೆ ನಕ್ಕವಳೇ.

ಒಂದು ತಿಂಗಳು ನಮ್ಮ ಮನೆಯ ಫೋನ್ ಬಿಲ್ಲು ದುಪ್ಪಟ್ಟು ಬಂತು. ನನ್ನ ಬಾಯಿಗೆ ಬೀಗ ಎಲ್ಲಿದೆ? ಸೊಸೆಯ ಮೇಲೆ ಹರಿಹಾಯ್ದೆ.

"ತವರಿಗೆ ಗಂಟೆಗಟ್ಟಲೆ ಹರಟಿದ್ರೆ ಇನ್ನೇನಾಗುತ್ತೆ?"

ಅಂದಿನಿಂದ ಅವಳು ತಾನಾಗಿ ಫೋನ್ ಮುಟ್ಟಲೇ ಇಲ್ಲ. ಅವಳಮ್ಮ ಕಾಯಿಲೆಯಿಂದ ಆಗತಾನೇ ಎದ್ದಿದ್ದರು. ಆಕೆಯೇ ಕರೆ ಮಾಡಿದರೂ "ಚೆನ್ನಾಗಿದೀನಮ್ಮಾ, ಇಡ್ತೀನಿ" ಎಂದು ಮುಗಿಸಿಬಿಡುತ್ತಿದ್ದಳು. ಮುಂದಿನ ಬಿಲ್ಲೂ ಅಷ್ಟೇ ಬಂದಾಗ, ಕದ್ದು ಮಾತಾಡುತ್ತಾಳೆ ಅಂದುಕೊಂಡೆ. ನೋಡಿ ನನ್ನ ಬುದ್ಧಿ! ಈ ಫೋನೇ ಬೇಡವೆಂದು, ಅದನ್ನು ರದ್ದು ಮಾಡಲು ಅರ್ಜಿ ಬರೆಸಿಕೊಳ್ಳೋಣವೆಂದು ಮಹಡಿ ಹತ್ತಿದೆ.

"ಓದದೆ ಬರೆಯೋನಲ್ಲ ನಾನು" ಎಂದು ಅಣ್ಣನವರು ಎರಡೂ ಬಿಲ್ಲು ಇಸಿದುಕೊಂಡು, ಕೊನೆಯ ಹಾಳೆಯ ಕೊನೆಯ ಸಾಲಿಗೆ ಅಳತೆಪಟ್ಟಿ ಇಟ್ಟರು.

"ಅಲ್ಲಾ ಅಣ್ಣಾ, ಶುರುವಿಂದ ಓದಬಾರದಾ?"

"ಮೇಲಿಂದ ಓದಿದ್ರೆ ಕಣ್ಣು ತಾನು ಅಂದ್ಕೊಂಡಿದ್ದನ್ನೇ ಓದುತ್ತಮ್ಮ." ಮೂರನೇ ಸಾಲಿಗೆ ಪೆನ್ಸಿಲ್ ನಿಂತಿತು. "ದಿನಕ್ಕೊಂದು ಸೌಂದರ್ಯ ಸಲಹೆ. ಯಾವನೋ ಹೊರಗಿನವನು ಇದರ ದುಡ್ಡನ್ನ ನಿಮ್ಮ ಎರಡೂ ಬಿಲ್ಲಿಗೆ ಸೇರಿಸಿದಾನೆ. ನೀವೇನಾದ್ರೂ ಕೇಳಿದ್ರಾ?"

"ದಿನಾ ಸಲಹೆ ತಗೊಂಡಿದ್ರೆ ಈ ಮುಖ ಹೀಗಿರ್ತಿತ್ತಾ ಅಣ್ಣಾ?"

ಅವರು ನಗಲಿಲ್ಲ. ಸೊಸೆಯ ತವರಿಗೆ ಹೋದ ಕರೆಗಳ ಪಟ್ಟಿ ತೋರಿಸಿದರು. ಮೊದಲ ಬಿಲ್ಲಿನಲ್ಲಿ ವಾರಕ್ಕೊಂದು. ಎರಡನೆಯದರಲ್ಲಿ ಒಂದೂ ಇಲ್ಲ.

ಅಣ್ಣನವರು ಫೋನ್ ಕಂಪನಿಗೆ ಕರೆ ಮಾಡಿ, ಮುಕ್ಕಾಲು ಗಂಟೆ ಕಾದು, ಆ ಸೇವೆ ನಿಲ್ಲಿಸಿದರು. ಇನ್ನು ಹೊರಗಿನವರು ಯಾರೂ ಬಿಲ್ಲಿಗೆ ಕೈಹಾಕದಂತೆ ತಡೆಯನ್ನೂ ಹಾಕಿಸಿದರು. ದೂರಿನ ಸಂಖ್ಯೆಯನ್ನು ಬರೆದುಕೊಂಡು, ಅದನ್ನೂ ಕೊನೆಯ ಅಂಕಿಯಿಂದ ಹಿಂದಕ್ಕೆ ಓದಿ ಒಪ್ಪಿಸಿದರು. ಮುಂದಿನ ಬಿಲ್ಲಿನಲ್ಲಿ ಹಣ ವಾಪಸು ಬಂತು. ಬಾರದಿದ್ದರೂ ಆ ಅಳತೆಪಟ್ಟಿಗೆ ನಾನು ಜೀವಮಾನವಿಡೀ ಋಣಿಯೇ.

ಅಂದು ಮಹಡಿ ಇಳಿದವಳೇ ನಾನೇ ಬೀಗಿತ್ತಿಗೆ ಫೋನ್ ಮಾಡಿದೆ.

"ನಿಮ್ಮ ಮಗಳ ಬಾಯಿ ಕಟ್ಟಿದ್ದು ನಾನು. ತಪ್ಪು ನಂದು, ಅವಳದ್ದಲ್ಲ."

ಸೊಸೆ ಪಾತ್ರೆ ಒರೆಸುತ್ತಾ ಬಾಗಿಲಲ್ಲೇ ನಿಂತುಬಿಟ್ಟಿದ್ದಳು. ಬಟ್ಟೆ ಕಿತ್ತುಕೊಂಡು ಫೋನ್ ಕೈಗಿಟ್ಟೆ. "ಅಮ್ಮಾ" ಅಂದು ನನ್ನ ಮುಖ ನೋಡಿದಳು.

"ಮಾತಾಡೇ" ಎಂದೆ. "ಗಂಟೆಗಟ್ಟಲೆ ಮಾತಾಡು."