ಎರಡೂ ಎಡತೋಳು

ಸಮವಸ್ತ್ರ ಹೊಲಿಯುವ ಅಂಗಡಿಯಲ್ಲಿ ಅವಳನ್ನು ಎಲ್ಲರೂ ಕತ್ತರಿಯಕ್ಕ ಅನ್ನುತ್ತಿದ್ದರು. ಮಿಷನ್ ತುಳಿಯುವವರು ಬರುತ್ತಾರೆ, ಹೋಗುತ್ತಾರೆ. ಕಟಿಂಗ್ ಟೇಬಲ್ಲು ಮಾತ್ರ ಅವಳದು. ಸೀಮೆಸುಣ್ಣದ ಗೆರೆ ಎಳೆದು ಅವಳು ಕತ್ತರಿ ಹಾಕಿದಳೆಂದರೆ ಯಜಮಾನರು ಮತ್ತೆ ಅಳೆದು ನೋಡುತ್ತಿರಲಿಲ್ಲ.

ಅಂಥವಳ ಕೈಯಿಂದ ಒಂದು ದಿನ ಒಂದೇ ಅಂಗಿಗೆ ಎರಡೂ ಎಡತೋಳು ಬಂದವು. ಬಟ್ಟೆ ಮಡಿಸಿ ಕತ್ತರಿಸಿದರೆ ಎಡ, ಬಲ ತಾವೇ ಜೋಡಿಯಾಗಿ ಬರುತ್ತವೆ. ಬಟ್ಟೆ ಸಾಲದೆ ಒಂಟಿ ಪದರದಲ್ಲಿ ಕತ್ತರಿಸುವಾಗ ಮಾತ್ರ ತೋಳಿನ ಅಳತೆಗೆ ಕತ್ತರಿಸಿಟ್ಟ ರಟ್ಟನ್ನು ಎರಡನೇ ಸಲ ಮಗುಚಿ ಇಡಬೇಕು. ಕೆಲಸಕ್ಕೆ ಹೊಸದಾಗಿ ಬಂದವರಿಗೆ ಅವಳೇ ಹೇಳಿಕೊಡುತ್ತಿದ್ದ ಪಾಠ. ಅದನ್ನು ಅವಳೇ ಮರೆತಿದ್ದಳು.

"ಇದನ್ನ ಹಾಕ್ಕೊಂಡ ಮಗು ಎರಡೂ ಕೈಲಿ ಎಡಗಡೆಗೇ ದಾರಿ ತೋರಿಸುತ್ತೆ ಬಿಡಿ," ಎಂದು ಮಿಷನ್ನಿನವಳೊಬ್ಬಳು ನಕ್ಕಳು. ಅಕ್ಕನೂ ನಕ್ಕಳು. ಮತ್ತೆ ಅದೇ ತಪ್ಪಾದಾಗ ಯಾರೂ ನಗಲಿಲ್ಲ. "ಮೈಮೇಲೆ ಎಚ್ಚರ ಇಲ್ಲ, ಸೊಕ್ಕು ಬಂದಿದೆ," ಎಂದ ಯಜಮಾನರು ಅವಳನ್ನು ಗುಂಡಿ ಹಾಕುವ ಮೂಲೆಗೆ ಕೂರಿಸಿದರು.

ಸೊಕ್ಕಂತೆ! ಮನೆಯಲ್ಲಿ ಅದನ್ನು ಕೇಳಿ ಅವಳ ಬೆನ್ನಿಗೆ ಬಿದ್ದ ತಂಗಿ ಕೈಲಿದ್ದ ಪಾತ್ರೆ ಕುಕ್ಕಿದಳು. ಅಕ್ಕನಿಗೆ ಎಚ್‌ಐವಿ ಇದೆ ಎಂದು ಆಸ್ಪತ್ರೆಯ ಆಚೆ ಗೊತ್ತಿದ್ದವಳು ಅವಳೊಬ್ಬಳೇ. "ನನ್ನ ಗಂಡ ಬಿಟ್ಟುಹೋದ ಆಸ್ತಿ ಇದೊಂದೇ, ಪಾಲು ಕೇಳೋಕೆ ಯಾರೂ ಬರಲ್ಲ," ಎಂದು ಅಕ್ಕನೇ ತಮಾಷೆ ಮಾಡುತ್ತಿದ್ದಳು. ತಂಗಿ ತನ್ನ ಕೂಸಿನ ಔಷಧಿ ಇಡುವ ಗೂಡಿನಲ್ಲೇ ಅವಳ ಮಾತ್ರೆಯನ್ನೂ ಇಡುತ್ತಿದ್ದಳು. ಕೂಸಿಗೆ ಹನಿ ಹಾಕುವಾಗ ಅಕ್ಕನಿಗೂ ನೀರು ಕೊಟ್ಟರೆ ಆಯಿತು. ಒಂದು ಮಾತ್ರೆಯೂ ತಪ್ಪಿದ್ದಿಲ್ಲ. ಆದರೂ ಈಚೆಗೆ ಅಕ್ಕನ ಮಾತು ಅರ್ಧಕ್ಕೆ ನಿಲ್ಲುತ್ತಿತ್ತು. ಒಲೆ ಹಚ್ಚಿ ಪಾತ್ರೆ ಇಡುವುದನ್ನೇ ಮರೆಯುತ್ತಿದ್ದಳು.

ಕೂಸನ್ನು ಸೊಂಟಕ್ಕೇರಿಸಿಕೊಂಡು ತಂಗಿ ಅವಳನ್ನು ಆಸ್ಪತ್ರೆಗೆ ಕರೆದೊಯ್ದಳು. ಡಾಕ್ಟರು ಕಂಪ್ಯೂಟರಿನಿಂದ ಕಣ್ಣೆತ್ತಲಿಲ್ಲ.

"ರಕ್ತದಲ್ಲಿ ವೈರಸ್ ಕಾಣ್ತಾನೇ ಇಲ್ಲಮ್ಮ. ಇನ್ನೇನು ಬೇಕು ನಿಮಗೆ? ಮರೆವು ಯಾರಿಗಿಲ್ಲ? ನಾನೂ ದಿನಾ ಕಾರಿನ ಕೀ ಹುಡುಕ್ತೀನಿ."

"ಕೀ ಸಿಗದಿದ್ರೆ ನಿಮ್ಮ ಕೆಲಸ ಹೋಗಲ್ವಲ್ಲ ಸಾರ್," ಅಂದಳು ತಂಗಿ.

"ಬದುಕಿದ್ದಾರಲ್ಲ, ಅದಕ್ಕೆ ಸಂತೋಷಪಡಿ."

"ಬದುಕಿದ್ದಾಳೆ ಅಂತಾನೇ ಕೇಳ್ತಿರೋದು! ಸತ್ತೋರಿಗೆ ಕೆಲಸ ಯಾಕೆ?"

ಕೂಸು ರಾಗ ತೆಗೆಯಿತು. ತಂಗಿ ಸುಮ್ಮನಿರಿಸಲು ಹೋಗಲಿಲ್ಲ, ಕುರ್ಚಿ ಬಿಟ್ಟೂ ಏಳಲಿಲ್ಲ. ಕೊನೆಗೆ ಪೀಡೆ ತೊಲಗಿದರೆ ಸಾಕೆಂಬಂತೆ ಡಾಕ್ಟರು ಪಕ್ಕದ ಕೋಣೆಗೆ ಕಳಿಸಿದರು.

ಅಲ್ಲಿದ್ದ ನೆನಪಿನ ಪರೀಕ್ಷೆಯ ಮೇಡಂ ಅಕ್ಕನಿಗೆ ಕೆಲವು ಪದ ಹೇಳಿ, ಬೇರೆ ಮಾತಾಡಿಸಿ, ಆಮೇಲೆ ಅವೇ ಪದ ಕೇಳಿದರು. ಸಣ್ಣ ಕಡ್ಡಿಗಳನ್ನು ತೂತುಗಳಿಗೆ ಬೇಗ ಬೇಗ ಸಿಕ್ಕಿಸಲು ಹೇಳಿದರು. ಹಾರುವಂತೆ ಕತ್ತರಿ ಆಡಿಸಿದ್ದ ಕೈ ಕಡ್ಡಿ ಹಿಡಿದು ತಡವರಿಸುವುದನ್ನು ತಂಗಿಗೆ ನೋಡಲಾಗಲಿಲ್ಲ.

"ಇದು ಅಜಾಗರೂಕತೆ ಅಲ್ಲಮ್ಮ," ಅಂದರು ಮೇಡಂ. "ವೈರಸ್ ಹತೋಟೀಲಿದ್ರೂ ಕೆಲವರಿಗೆ ಅದು ಮೆದುಳಿಗೆ ತಟ್ಟಿ ಹೀಗಾಗುತ್ತೆ. ಗದ್ದಲದಲ್ಲಿ, ಎರಡು ಕೆಲಸ ಒಟ್ಟಿಗೆ ಬಂದಾಗ ತಪ್ಪುತ್ತೆ. ಬೇರೆ ಕಾರಣ ಇದೆಯಾ ಅಂತಾನೂ ನೋಡೋಣ. ಈ ಮರೆವು ಪೂರ್ತಿ ಹೋಗುತ್ತೆ ಅಂತ ಸುಳ್ಳು ಹೇಳಲ್ಲ. ಆದ್ರೆ ಒಂದು ಮುಗಿಸಿ ಇನ್ನೊಂದು ಹಿಡಿದ್ರೆ ಕೆಲಸ ಮಾಡಬಲ್ಲಿರಿ."

ಆಸ್ಪತ್ರೆಯ ಮೆಟ್ಟಿಲ ಮೇಲೆ ಅಕ್ಕ ಕೂತಳು. "ಇಷ್ಟು ದಿನ ಹಾಳು ಮುಂಡೇದು ಅಂತ ನನ್ನನ್ನ ನಾನೇ ಬೈಕೊಂಡ್ನಲ್ಲೇ! ಇದನ್ನ ಮೊದಲೇ ಹೇಳೋಕೆ ಇವರಿಗೇನು ಗಂಟಲು ಕಟ್ಟಿತ್ತಾ?"

ಅಲ್ಲಿಂದ ಇಬ್ಬರೂ ನೇರ ಅಂಗಡಿಗೆ. ತಲೆಯ ತೊಂದರೆ, ಔಷಧಿ ನಡೀತಿದೆ, ಕತ್ತರಿಸುವಾಗ ಗಿರಾಕಿಗಳನ್ನು ತನ್ನ ಹತ್ತಿರ ಬಿಡಬೇಡಿ, ಕತ್ತರಿ ಹಾಕುವ ಮುಂಚೆ ಇನ್ನೊಬ್ಬರು ಒಂದು ಸಲ ಗೆರೆ ನೋಡಲಿ ಎಂದು ಅಕ್ಕ ಯಜಮಾನರಿಗೆ ಬಿಡಿಸಿ ಹೇಳಿದಳು.

"ತಲೆ ತೊಂದರೆ ಅಂದ್ರೆ? ಕಾಯಿಲೆಗೊಂದು ಹೆಸರಿರುತ್ತಲ್ಲ. ಹೆಸರು ಹೇಳು, ಟೇಬಲ್ ತಗೋ."

ಮಿಷನ್ನುಗಳೆಲ್ಲ ನಿಂತವು. ಹೇಳಿದರೆ ಟೇಬಲ್ಲಿರಲಿ, ಕುಡಿಯುವ ಲೋಟವೂ ಬೇರೆಯಾಗುತ್ತದೆ. ಹೇಳದಿದ್ದರೆ ಸೊಕ್ಕಿನವಳು.

"ಹೆಸರು ಮದ್ದು ಕೊಡೋರಿಗೆ ಬೇಕು," ಅಂದಳು ಅಕ್ಕ. "ನಿಮಗೆ ಬೇಕಾಗಿರೋದು ಅಂಗಿ. ನಾನು ಹೇಳಿದ ಹಾಗೆ ಬಿಟ್ಟು ನೋಡಿ. ತಪ್ಪಿದ್ರೆ ಆಮೇಲೆ ಮಾತಾಡಿ."

ಯಜಮಾನರು ಗೋಡೆಗೆ ಒರಗಿಸಿದ್ದ ಬಟ್ಟೆಯ ಥಾನುಗಳನ್ನು ನೋಡಿದರು. ಶಾಲೆ ಶುರುವಾಗುವುದಿತ್ತು, ಅವಳ ಬದಲು ಕೂತವನು ಅಳತೆ ನೋಡುವಷ್ಟರಲ್ಲೇ ಹೊತ್ತು ಮುಳುಗಿಸುತ್ತಿದ್ದ.

"ಸರಿ, ಈ ಸೀಜನ್ ಮುಗಿಯೋವರೆಗೆ. ಹೋಗು."

"ತುಂಬಾ ಉಪಕಾರ ಆಯ್ತು ಸಾರ್," ಅಂದುಬಿಟ್ಟಳು ತಂಗಿ.

ಅಕ್ಕ ಹೊಸಿಲ ತನಕ ಅವಳನ್ನು ಕಳಿಸಲು ಬಂದವಳು ರಟ್ಟೆ ಹಿಡಿದು ನಿಲ್ಲಿಸಿದಳು.

"ಯಾವ ಉಪಕಾರಾನೇ? ನನ್ನ ಕೆಲಸ ನನಗೆ ಕೊಟ್ಟಿದ್ದಾ? ಇನ್ನೊಂದ್ಸಲ ಆ ಮಾತಾಡು, ಕೂಸು ಸೊಂಟದಲ್ಲಿದೆ ಅಂತಾನೂ ನೋಡಲ್ಲ, ಒಂದು ಬಿಡ್ತೀನಿ."

ಅಂದವಳೇ ಒಳಗೆ ಹೋಗಿ, ಟೇಬಲ್ಲಿಗೆ ಆನಿಕೊಂಡು ಹರಟುತ್ತಿದ್ದ ಗಿರಾಕಿಯನ್ನು ಆಚೆ ಬೆಂಚಿಗೆ ಕಳಿಸಿ, ಬಟ್ಟೆ ಬಿಚ್ಚಿ ಹಾಸಿದಳು.